ಮಳೆಯ ಲೆಕ್ಕ, ಹಳ್ಳದ ಲೆಕ್ಕ: ಒಂದೇ ಗ್ರಾಫಿನಲ್ಲಿ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಜಲ ದಾಖಲಾತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಈ ಮೇಜಿನ ಮೇಲೆ ಎರಡು ಪುಸ್ತಕಗಳಿವೆ. ಒಂದು, ನಮ್ಮ ಊರಿನ ಹಿರಿಯ ತಾಯಿಯೊಬ್ಬರು ಅಂಗಳದ ಮಳೆಮಾಪಕವನ್ನು ನೋಡಿ ಪ್ರತಿದಿನ ಬೆಳಿಗ್ಗೆ ಬರೆದಿಟ್ಟ ಮಳೆಯ ಲೆಕ್ಕ. ಇನ್ನೊಂದು, ಅದೇ ಹಳ್ಳದ ಕೆಳಭಾಗದ ಅಡಿಕೆ ತೋಟದವರ ಜಮಾಖರ್ಚಿನ ಪುಸ್ತಕ. ಅದರಲ್ಲಿ ಕೊನೆಗೌಡರ ಕೂಲಿ, ಮೈಲುತುತ್ತದ ಬೆಲೆ, ಗೊಬ್ಬರದ ಬಾಡಿಗೆಗಳ ನಡುವೆ ವರ್ಷಕ್ಕೊಂದು ಸಲ ಒಂದು ಸಾಲು ಕಾಣಿಸಿಕೊಳ್ಳುತ್ತದೆ: ಇಂದಿನಿಂದ ಹಳ್ಳದ ನೀರು ಕಾಲುವೆಗೆ ಏರುವುದಿಲ್ಲ.

ಒಂದು ಪುಸ್ತಕ ಆಕಾಶದಿಂದ ಬಂದ ನೀರಿನ ಲೆಕ್ಕ. ಇನ್ನೊಂದು ನೆಲವು ಉಳಿಸಿಕೊಟ್ಟ ನೀರಿನ ಲೆಕ್ಕ. ಬರೆದವರು ಬೇರೆ, ಬರೆದ ಉದ್ದೇಶ ಬೇರೆ, ಅಳತೆಯ ಮಾನವೂ ಬೇರೆ. ಇವೆರಡನ್ನೂ ಗಣಕದ ಸಹಾಯದಿಂದ ಒಂದೇ ಗ್ರಾಫಿನಲ್ಲಿ ತರುವುದು ಹೇಗೆ, ತರುವಾಗ ಎಲ್ಲಿ ಎಡವುತ್ತೇವೆ ಎಂಬುದನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಎಡವಿದವನ ಮಾತಿಗೆ ಹೆಚ್ಚು ಬೆಲೆಯೆಂದು ಭಾವಿಸಿ, ನನ್ನದೇ ತಪ್ಪಿನಿಂದ ಆರಂಭಿಸುತ್ತೇನೆ.

ಒಂದು ಪ್ರಶ್ನೆ

ಕೆಲವು ವರ್ಷಗಳ ಹಿಂದೆ ಇದೇ ಎರಡು ಪುಸ್ತಕಗಳ ಅಂಕಿಗಳನ್ನು ಗಣಕಕ್ಕೆ ಏರಿಸಿ, ಪೈಥಾನ್ ಭಾಷೆಯಲ್ಲಿ ಇಪ್ಪತ್ತು ಸಾಲಿನ ಕೋಡ್ ಬರೆದು, ಒಂದು ಗ್ರಾಫನ್ನು ಸಿದ್ಧಪಡಿಸಿದೆ. ನೀಲಿ ಗೆರೆ ವರ್ಷದ ಮಳೆಯದು; ಕೆಂಪು ಗೆರೆ ಹಳ್ಳ ಬತ್ತಿದ ದಿನದ್ದು. ಎರಡೂ ಕೈಹಿಡಿದುಕೊಂಡು ಇಳಿಯುತ್ತಿದ್ದವು. ಊರಿನ ಸಭೆಯಲ್ಲಿ ಅದನ್ನು ಗೋಡೆಯ ಮೇಲೆ ತೋರಿಸಿ, ಮಳೆ ಕಡಿಮೆಯಾಗುತ್ತಿದೆ, ಆದುದರಿಂದ ಹಳ್ಳ ಬೇಗ ಬತ್ತುತ್ತಿದೆ ಎಂದು ವಿವರಿಸಿದೆ. ಸಭೆ ತಲೆದೂಗಿತು. ನನ್ನ ಹೆಸರಿನ ಮುಂದೆ ಡಾಕ್ಟರ್ ಎಂಬ ಪದವಿತ್ತು, ಗ್ರಾಫಿಗೆ ಬಣ್ಣವಿತ್ತು, ಸಂಶಯಕ್ಕೆ ಅವಕಾಶವೆಲ್ಲಿ?

ಅಂದಿನ ಸಭೆಯ ಮುಂದೆ ಹಳ್ಳದ ಮೇಲ್ಭಾಗದ ಬೆಟ್ಟವನ್ನು ಏನು ಮಾಡಬೇಕೆಂಬ ವಿಷಯವೂ ಇತ್ತು. ನನ್ನ ಗ್ರಾಫ್ ನೋಡಿದ ಮೇಲೆ ಆ ವಿಷಯವನ್ನು ಯಾರೂ ಎತ್ತಲಿಲ್ಲ. ಮಳೆಯೇ ಕಡಿಮೆಯಾದ ಮೇಲೆ ಬೆಟ್ಟವನ್ನು ಕಾದು ಪ್ರಯೋಜನವೇನು, ಕೊಳವೆಬಾವಿಗಳನ್ನು ತೋಡಿಸೋಣ ಎಂಬಲ್ಲಿಗೆ ಮಾತು ನಿಂತಿತು.

ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿರುವಾಗ ಮಳೆಯ ಪುಸ್ತಕ ಬರೆದ ಅಜ್ಜಿ ನನ್ನ ಬಳಿ ಬಂದು ಕೇಳಿದರು: "ಮಗಳ ಬಾಣಂತನಕ್ಕೆಂದು ನಾನು ಊರಲ್ಲಿ ಇರಲಿಲ್ಲವಲ್ಲ, ಆ ಮಳೆಗಾಲವನ್ನು ನೀನು ಏನು ಮಾಡಿದೆ?"

ಉತ್ತರ ನನಗೆ ತಿಳಿದಿರಲಿಲ್ಲ. ಮನೆಗೆ ಬಂದು ನೋಡಿದೆ. ಎರಡು ಮಳೆಗಾಲಗಳಲ್ಲಿ ಆಷಾಢದ ನಂತರದ ಪುಟಗಳು ಖಾಲಿಯಿದ್ದವು. ನಾನು ಬಳಸಿದ ಪಾಂಡಾಸ್ ಎಂಬ ತಂತ್ರಾಂಶ ವರ್ಷದ ಮೊತ್ತವನ್ನು ಕೂಡುವಾಗ ಖಾಲಿ ಮನೆಗಳನ್ನು ಬಿಟ್ಟು ಉಳಿದುದನ್ನು ಕೂಡುತ್ತದೆ. ಬಿಟ್ಟು ಕೂಡುವುದೆಂದರೆ ಸೊನ್ನೆಯೆಂದು ಕೂಡಿದಂತೆಯೇ. ಅಜ್ಜಿ ಊರಲ್ಲಿರದ ಮಳೆಗಾಲದಲ್ಲಿ ನನ್ನ ಗ್ರಾಫಿನ ಪ್ರಕಾರ ಮಳೆಯೇ ಬಂದಿರಲಿಲ್ಲ. ಆ ಎರಡೂ ವರ್ಷಗಳು ಪುಸ್ತಕದ ಕೊನೆಯ ಭಾಗದಲ್ಲಿದ್ದುದರಿಂದ ನೀಲಿ ಗೆರೆ ಚೆನ್ನಾಗಿ ಬಾಗಿತ್ತು. ಗಣಕ ಹೇಳಿದ ಕೆಲಸವನ್ನು ಹೇಳಿದಂತೆಯೇ ಮಾಡಿತ್ತು. ಎಷ್ಟು ದಿನಗಳ ಲೆಕ್ಕವಿದ್ದರೆ ಮಾತ್ರ ಕೂಡಬೇಕೆಂದು ಹೇಳುವ ಅವಕಾಶ ಅದೇ ತಂತ್ರಾಂಶದಲ್ಲಿದೆ. ನಾನು ಹೇಳಿರಲಿಲ್ಲ.

ಗೆರೆ ಎಳೆಯುವ ಮೊದಲು

ವಿದ್ಯಾರ್ಥಿಗಳು ಗ್ರಾಫ್ ಎಂದೊಡನೆ ಗೆರೆ ಎಳೆಯುವ ಆಜ್ಞೆಯನ್ನು ಹುಡುಕುತ್ತಾರೆ. ಆ ಆಜ್ಞೆ ಒಂದೇ ಸಾಲಿನದು. ಒಂದೇ ಚೌಕಟ್ಟಿನಲ್ಲಿ ಅದನ್ನು ಎರಡು ಸಲ ಕೊಟ್ಟರೆ ಎರಡು ಗೆರೆಗಳು ಮೂಡುತ್ತವೆ. ನಿಜವಾದ ಕೆಲಸವಿರುವುದು ಅದಕ್ಕೆ ಮೊದಲು. ಬೇರೆ ಬೇರೆ ಕಡತಗಳ ಅಂಕಿಗಳು ಒಂದೇ ಪಂಕ್ತಿಯಲ್ಲಿ ಕೂರಲು ಯೋಗ್ಯವಾಗಬೇಕು.

ಮೊದಲನೆಯದು ದಿನಾಂಕ. ನಾವು 5-6-2007 ಎಂದು ಬರೆದರೆ ಜೂನ್ ತಿಂಗಳ ಐದನೆಯ ತಾರೀಖು. ಪಾಂಡಾಸ್ ತಂತ್ರಾಂಶಕ್ಕೆ ಬೇರೆ ಸೂಚನೆ ಕೊಡದಿದ್ದರೆ ಅದು ತಿಂಗಳನ್ನು ಮೊದಲು ಓದಿ ಮೇ ಆರು ಎಂದು ತಿಳಿಯುತ್ತದೆ. ಮುಂಗಾರಿನ ಮೊದಲ ಮಳೆ ಬೇಸಿಗೆಯ ಮಳೆಯಾಗಿಬಿಡುತ್ತದೆ. ದಿನ ಮೊದಲು, ತಿಂಗಳು ಆಮೇಲೆ ಎಂಬ ಒಂದು ಮಾತನ್ನು ಆಜ್ಞೆಯಲ್ಲಿ ಸೇರಿಸಿದರೆ ಈ ತೊಂದರೆಯಿಲ್ಲ.

ಎರಡನೆಯದು ಅಳತೆಯ ಮಾನ. ಮಲೆನಾಡಿನ ಕಾಫಿ ತೋಟಗಳ ಹಳೆಯ ಮಳೆ ಪುಸ್ತಕಗಳು ಇಂಚು ಮತ್ತು ಸೆಂಟುಗಳಲ್ಲಿವೆ. ಒಂದು ಇಂಚಿಗೆ ನೂರು ಸೆಂಟು. ಎರಡು ಇಂಚು ಐದು ಸೆಂಟು ಮಳೆಯನ್ನು ರೈಟರು 2.5 ಎಂದು ಗೀಚಿದ್ದರೆ ಗಣಕ ಅದನ್ನು ಎರಡೂವರೆ ಇಂಚು ಎಂದೇ ಓದುವುದು. ಇಂಚಿಗೆ 25.4 ಮಿಲಿಮೀಟರಿನಂತೆ ಮೊದಲನೆಯದು 52 ಮಿಲಿಮೀಟರ್, ಎರಡನೆಯದು 63.5. ಬರೆದವರ ರೂಢಿಯನ್ನು ಕೇಳಿ ತಿಳಿಯದೆ ಇದನ್ನು ಸರಿಪಡಿಸಲು ಯಾವ ತಂತ್ರಾಂಶಕ್ಕೂ ಸಾಧ್ಯವಿಲ್ಲ.

ಮೂರನೆಯದು ದಿನದ ಎಲ್ಲೆ. ಹವಾಮಾನ ಇಲಾಖೆಯ ಮಳೆಯ ದಿನ ಮುಗಿಯುವುದು ಬೆಳಿಗ್ಗೆ ಎಂಟೂವರೆಗೆ. ಇಂದು ಬೆಳಿಗ್ಗೆ ಅಳೆದುದರಲ್ಲಿ ಬಹುಪಾಲು ನಿನ್ನೆ ಸುರಿದುದು. ಗ್ರಾಮ ಪಂಚಾಯಿತಿಗಳಲ್ಲಿ ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರವು ನಿಲ್ಲಿಸಿರುವ ಸ್ವಯಂಚಾಲಿತ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಅದನ್ನು ಒಬ್ಬರು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಕೂಡಿ ಅಜ್ಜಿಯ ಪುಸ್ತಕದ ಪಕ್ಕದಲ್ಲಿಟ್ಟರೆ ಒಂದೇ ರಾತ್ರಿಯ ಮಳೆ ಎರಡು ಬೇರೆ ದಿನಗಳಲ್ಲಿ ಕಾಣಿಸುತ್ತದೆ. ಆಗ ಎರಡರಲ್ಲಿ ಒಂದು ಸುಳ್ಳೆಂದು ವಾದ ಹೂಡುವವರುಂಟು. ಎರಡೂ ನಿಜ, ದಿನದ ಎಲ್ಲೆ ಮಾತ್ರ ಬೇರೆ.

ನಾಲ್ಕನೆಯದು ಸ್ಥಳ. ಹವಾಮಾನ ಇಲಾಖೆ 1901ರಿಂದ ಈಚಿನ ದೈನಿಕ ಮಳೆಯನ್ನು ದೇಶದಾದ್ಯಂತ ಕಾಲು ಡಿಗ್ರಿಯ ಚೌಕಗಳಾಗಿ ವಿಂಗಡಿಸಿ ಕೊಡುತ್ತಿದೆ. ಬಹಳ ಉಪಯುಕ್ತವಾದ ದತ್ತಾಂಶ. ಆದರೆ ಒಂದು ಚೌಕದ ಬದಿ ಸುಮಾರು 27 ಕಿಲೋಮೀಟರ್. ಘಟ್ಟದ ನೆತ್ತಿಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾದ ಮಳೆ. ಪೂರ್ವಕ್ಕೆ ಶಿವಮೊಗ್ಗ ನಗರ ತಲುಪುವಷ್ಟರಲ್ಲಿ ಅದು ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಇಷ್ಟು ಕಡಿದಾಗಿ ಮಳೆ ಬದಲಾಗುವ ನಾಡಿನಲ್ಲಿ ಚೌಕದ ಸರಾಸರಿಯನ್ನು ಒಂದು ಹಳ್ಳದ ಮಳೆಯೆನ್ನಲಾಗದು. ಅಜ್ಜಿಯ ಪುಸ್ತಕದ ಖಾಲಿ ಪುಟಗಳನ್ನು ಆ ಚೌಕದ ಅಂಕಿಗಳಿಂದ ತುಂಬಿಬಿಡೋಣ ಎಂಬ ಆಸೆ ನನಗೂ ಬಂದಿತ್ತು. ತುಂಬುವ ಮೊದಲು ಎರಡೂ ಕಡೆ ಲೆಕ್ಕವಿರುವ ವರ್ಷಗಳನ್ನು ಜೊತೆಗಿಟ್ಟು ನೋಡಬೇಕು. ನೋಡಿದೆ, ಹೊಂದಲಿಲ್ಲ, ಖಾಲಿಯನ್ನು ಖಾಲಿಯಾಗಿಯೇ ಬಿಟ್ಟೆ.

ಐದನೆಯದು, ವಾಡಿಕೆ ಮಳೆ ಎಂಬ ಮಾತು. ಇಷ್ಟು ಶೇಕಡಾ ಹೆಚ್ಚು, ಇಷ್ಟು ಶೇಕಡಾ ಕಡಿಮೆ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಯಾವುದಕ್ಕಿಂತ? ದೇಶದ ಮುಂಗಾರಿನ ದೀರ್ಘಾವಧಿ ಸರಾಸರಿಯು 1961ರಿಂದ 2010ರ ಲೆಕ್ಕದಲ್ಲಿ 88 ಸೆಂಟಿಮೀಟರ್ ಇದ್ದುದು, 2022ರಲ್ಲಿ 1971ರಿಂದ 2020ರ ಲೆಕ್ಕಕ್ಕೆ ಬದಲಾದಾಗ 87 ಆಯಿತು. ಭೂಮಿಯ ತಾಪಮಾನದ ಲೆಕ್ಕದಲ್ಲೂ ಹೀಗೆಯೇ. ಅಮೆರಿಕದ ನಾಸಾ ಸಂಸ್ಥೆ 1951ರಿಂದ 1980ರ ಸರಾಸರಿಯನ್ನು ಸೊನ್ನೆಯೆಂದು ಹಿಡಿಯುತ್ತದೆ. ಬ್ರಿಟನ್ನಿನ ಹವಾಮಾನ ಕಚೇರಿಯ ದತ್ತಾಂಶ 1961ರಿಂದ 1990ರ ಸರಾಸರಿಯನ್ನು ಹಿಡಿಯುತ್ತದೆ. ಎರಡನ್ನೂ ಹಾಗೆಯೇ ಒಂದು ಗ್ರಾಫಿಗೆ ಹಾಕಿದರೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲವೇನೋ ಎಂಬಂತೆ ಗೆರೆಗಳು ಅಂತರದಲ್ಲಿ ನಿಲ್ಲುತ್ತವೆ. ಎರಡಕ್ಕೂ ಒಂದೇ ಅವಧಿಯ ಸರಾಸರಿಯನ್ನು ಕಳೆದು ಬಿಡಿಸಿದರೆ ಬಹುತೇಕ ಒಂದರ ಮೇಲೊಂದು ಕೂರುತ್ತವೆ.

ಸೇರಿಸುವಾಗ

ಹೀಗೆ ಹೊಂದಿಸಿದ ಎರಡು ಕಡತಗಳನ್ನು ಸೇರಿಸುವ ಆಜ್ಞೆಗೆ ಯಾವ ಅಂಶದ ಮೇಲೆ ಸೇರಿಸಬೇಕೆಂದು ಹೇಳಬೇಕು. ವರ್ಷದ ಮೇಲೆ ಎಂದು ನಾನು ಹೇಳಿದ್ದೆ. ಅದು ನನ್ನ ಎರಡನೆಯ ತಪ್ಪು.

2010ರ ಮುಂಗಾರಿನ ನೀರು ಹಳ್ಳದಲ್ಲಿ ಹರಿದು ಬತ್ತುವುದು 2011ರ ಫೆಬ್ರವರಿ, ಮಾರ್ಚಿನಲ್ಲಿ. ಜನವರಿಯಿಂದ ಡಿಸೆಂಬರಿನ ವರ್ಷವನ್ನು ಹಿಡಿದರೆ 2011ರ ಮಾರ್ಚಿನಲ್ಲಿ ಬತ್ತಿದ ಹಳ್ಳಕ್ಕೆ 2011ರ ಜೂನಿನಲ್ಲಿ ಬರಲಿರುವ ಮಳೆಯನ್ನು ಕಾರಣವಾಗಿ ಜೋಡಿಸಿದಂತಾಗುತ್ತದೆ. ಹುಟ್ಟದ ಮಗುವಿಗೆ ಸಾಲ ಹೊರಿಸಿದ ಹಾಗೆ. ಇದಕ್ಕಾಗಿಯೇ ನಮ್ಮ ದೇಶದಲ್ಲಿ ಜಲವರ್ಷವನ್ನು ಜೂನ್ 1ರಿಂದ ಮೇ 31ರವರೆಗೆ ಎಣಿಸುತ್ತಾರೆ. ಕೋಡಿನಲ್ಲಿ ಇದು ಸುಲಭ: ಪ್ರತಿ ದಿನಾಂಕವನ್ನೂ ಐದು ತಿಂಗಳು ಹಿಂದಕ್ಕೆ ಸರಿಸಿ, ಆಮೇಲೆ ವರ್ಷವನ್ನು ತೆಗೆದುಕೊಂಡರಾಯಿತು. 2010ರ ಜೂನ್ ತಿಂಗಳೂ 2011ರ ಮೇ ತಿಂಗಳೂ ಆಗ 2010 ಎಂಬ ಒಂದೇ ಮನೆಗೆ ಬರುತ್ತವೆ. ಹಳ್ಳ ಬತ್ತಿದ ದಿನವನ್ನೂ ಜೂನ್ 1ರಿಂದ ಎಣಿಸಬೇಕು. ಮಾರ್ಚ್ 10 ಎಂದರೆ ಸಾಧಾರಣ ವರ್ಷದಲ್ಲಿ 283ನೆಯ ದಿನ.

ಸೇರಿಸುವ ಆಜ್ಞೆಯಲ್ಲಿ ಇನ್ನೊಂದು ಆಯ್ಕೆಯಿದೆ. ಎರಡೂ ಪುಸ್ತಕಗಳಲ್ಲಿರುವ ವರ್ಷಗಳನ್ನು ಮಾತ್ರ ಉಳಿಸಿಕೊಳ್ಳಬಹುದು, ಇಲ್ಲವೇ ಒಂದರಲ್ಲಿ ಇಲ್ಲದಿದ್ದರೂ ಎಲ್ಲ ವರ್ಷಗಳನ್ನೂ ಉಳಿಸಿಕೊಳ್ಳಬಹುದು. ಬೇರೆ ಹೇಳದಿದ್ದರೆ ಪಾಂಡಾಸ್ ಮೊದಲನೆಯದನ್ನು ಮಾಡುತ್ತದೆ, ಬಿಟ್ಟುಹೋದ ವರ್ಷಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಎರಡನೆಯದನ್ನು ಆರಿಸಿಕೊಳ್ಳಿರೆಂದು ನನ್ನ ಸಲಹೆ. ಆಗ ಲೆಕ್ಕವಿಲ್ಲದ ಕಡೆ ಖಾಲಿ ಉಳಿಯುತ್ತದೆ, ಗ್ರಾಫಿನಲ್ಲಿ ಗೆರೆ ತುಂಡಾಗುತ್ತದೆ. ತುಂಡಾದ ಗೆರೆ ನೋಡಲು ಚೆಂದವಲ್ಲ. ಆದರೆ ಎಲ್ಲಿ ನಮಗೆ ತಿಳಿಯದು ಎಂಬುದನ್ನು ಅದು ನೋಡುವವರಿಗೆ ತಿಳಿಸುತ್ತದೆ.

ಬಿಡಿಸುವಾಗ

ಮಳೆ ಮಿಲಿಮೀಟರಿನಲ್ಲಿ, ಹಳ್ಳ ದಿನಗಳಲ್ಲಿ. ಒಂದೇ ಮಾಪಕದಲ್ಲಿ ಬಿಡಿಸಿದರೆ ಸಾವಿರಗಳ ಮಳೆಯ ಕೆಳಗೆ ನೂರುಗಳ ದಿನ ನೆಲಕ್ಕಂಟಿದ ಗೆರೆಯಾಗುತ್ತದೆ. ಆದುದರಿಂದ ಎಡಬದಿಗೆ ಒಂದು ಮಾಪಕ, ಬಲಬದಿಗೆ ಇನ್ನೊಂದು ಮಾಪಕ ಇಡುವ ರೂಢಿಯಿದೆ. ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ತಂತ್ರಾಂಶದಲ್ಲಿ ಅದಕ್ಕೆ ಒಂದೇ ಆಜ್ಞೆ ಸಾಕು. ಅಪಾಯವಿರುವುದು ಆ ಸೌಲಭ್ಯದಲ್ಲೇ. ಬಲಬದಿಯ ಮಾಪಕ ಎಲ್ಲಿಂದ ಆರಂಭವಾಗಬೇಕೆಂಬುದು ಬಿಡಿಸುವವನ ಇಚ್ಛೆ. ಹಳ್ಳ 283ನೆಯ ದಿನದ ಬದಲು 260ನೆಯ ದಿನ ಬತ್ತಿತೆಂದುಕೊಳ್ಳಿ. ಮಾಪಕವನ್ನು 0ಯಿಂದ 365ರವರೆಗೆ ಇಟ್ಟರೆ ಇಳಿತ ಕಣ್ಣಿಗೆ ಬೀಳುವುದೇ ಕಷ್ಟ. 255ರಿಂದ 290ರವರೆಗೆ ಇಟ್ಟರೆ ಪ್ರಪಾತ. ಎರಡು ಗೆರೆಗಳು ಎಲ್ಲಿ ಸಂಧಿಸುತ್ತವೆ, ಎಲ್ಲಿ ಅಗಲುತ್ತವೆ ಎಂಬುದೆಲ್ಲ ಇಂಥ ಗ್ರಾಫಿನಲ್ಲಿ ನಿಸರ್ಗದ ಮಾತಲ್ಲ, ಬಿಡಿಸಿದವನ ಮಾತು.

ಈ ಸಮಸ್ಯೆ ಗಣಕದಷ್ಟು ಹೊಸದಲ್ಲ. ಕಾಲದ ಗೆರೆ ಗ್ರಾಫನ್ನು 1786ರಲ್ಲಿ ಪ್ರಚಾರಕ್ಕೆ ತಂದ ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು 1821ರಲ್ಲಿ ಇಂಗ್ಲೆಂಡಿನ ಕೃಷಿ ಸಂಕಷ್ಟದ ಬಗ್ಗೆ ಬರೆಯುತ್ತ, 1565ರಿಂದ ಆವರೆಗಿನ ಗೋಧಿಯ ಬೆಲೆಯನ್ನೂ ಕುಶಲಕರ್ಮಿಯ ವಾರದ ಕೂಲಿಯನ್ನೂ ಒಂದೇ ಚಿತ್ರದಲ್ಲಿ ಇಟ್ಟನು. ಅದನ್ನು ನೋಡಿದವರ ಕಣ್ಣಿಗೆ ಗೋಧಿಯ ಬೆಲೆ ಕೂಲಿಯನ್ನು ಹಿಂದಿಕ್ಕಿ ಹಾರಿದಂತೆ ತೋರುತ್ತದೆ. ಪ್ಲೇಫೇರನ ವಾದವಾದರೋ ಇದಕ್ಕೆ ವಿರುದ್ಧ: ಕೂಲಿಗೆ ಹೋಲಿಸಿದರೆ ಗೋಧಿ ತನ್ನ ಕಾಲದಲ್ಲೇ ಅತ್ಯಂತ ಅಗ್ಗ ಎಂಬುದು. ಒಂದು ಅಳತೆ ಗೋಧಿಗೆ ಎಷ್ಟು ವಾರ ದುಡಿಯಬೇಕು ಎಂದು ಭಾಗಿಸಿ, ಅದನ್ನೇ ಬಿಡಿಸಿದ್ದರೆ ವಾದ ಕಣ್ಣಿಗೆ ಕಾಣುತ್ತಿತ್ತು. ಎರಡರ ನಡುವಿನ ಸಂಬಂಧ ನಮ್ಮ ಪ್ರಶ್ನೆಯಾಗಿದ್ದರೆ ಆ ಸಂಬಂಧವನ್ನೇ ಬಿಡಿಸಬೇಕು.

ಜೊತೆಯಾಗಿ ಇಳಿಯುವ ಎರಡು ಗೆರೆಗಳು ಬಂಧುಗಳೇ ಆಗಿರಬೇಕಿಲ್ಲ. ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್ 1926ರಲ್ಲಿ ಒಂದು ಉದಾಹರಣೆ ಕೊಟ್ಟರು. ಇಂಗ್ಲೆಂಡಿನಲ್ಲಿ 1866ರಿಂದ 1911ರವರೆಗೆ ಚರ್ಚಿನಲ್ಲಿ ನಡೆದ ಮದುವೆಗಳ ಪ್ರಮಾಣವೂ ಸಾವಿನ ಪ್ರಮಾಣವೂ ಜೊತೆಯಾಗಿ ಇಳಿದಿದ್ದವು; ಅವುಗಳ ಸಹಸಂಬಂಧ 0.95. ಚರ್ಚಿನ ಮದುವೆ ನಿಲ್ಲಿಸಿದರೆ ಸಾವು ನಿಲ್ಲುತ್ತದೆಯೇ?

ಹಾಗಾದರೆ ಏನು ಮಾಡಬೇಕು? ನನ್ನ ರೂಢಿಯನ್ನು ಹೇಳುತ್ತೇನೆ. ಮೊದಲು, ಒಂದರ ಕೆಳಗೊಂದು ಎರಡು ಚೌಕಟ್ಟುಗಳು. ಕೆಳಗಿನ ಕಾಲದ ಮಾಪಕ ಮಾತ್ರ ಎರಡಕ್ಕೂ ಒಂದೇ. ಮೇಲೆ ಮಳೆ, ಕೆಳಗೆ ಹಳ್ಳ. ಆಮೇಲೆ, ವರ್ಷಕ್ಕೊಂದು ಚುಕ್ಕಿಯ ಗ್ರಾಫ್: ಅಡ್ಡಕ್ಕೆ ಆ ಜಲವರ್ಷದ ಮಳೆ, ಉದ್ದಕ್ಕೆ ಹಳ್ಳ ಎಷ್ಟನೆಯ ದಿನ ಬತ್ತಿತೆಂಬುದು. ಹಳೆಯ ವರ್ಷಗಳ ಚುಕ್ಕಿಗೆ ಒಂದು ಬಣ್ಣ, ಈಚಿನ ವರ್ಷಗಳ ಚುಕ್ಕಿಗೆ ಇನ್ನೊಂದು. ಮಳೆ ಕಡಿಮೆಯಾದುದೇ ಕಾರಣವಾಗಿದ್ದರೆ ಎರಡೂ ಬಣ್ಣದ ಚುಕ್ಕಿಗಳು ಒಂದೇ ಓಣಿಯಲ್ಲಿ ಸಾಗಬೇಕು. ಅಷ್ಟೇ ಮಳೆ ಬಂದ ವರ್ಷದಲ್ಲೂ ಹೊಸ ಚುಕ್ಕಿ ಹಳೆಯದರ ಕೆಳಗೆ ಬಿದ್ದಿದ್ದರೆ, ಬದಲಾದುದು ಮಳೆಯ ಮೊತ್ತವಲ್ಲದೆ ಬೇರೇನೋ ಇದೆ.

ಕೋಡ್ ಏಕೆ ಬೇಕು

ಇದನ್ನೆಲ್ಲ ಗ್ರಾಫ್ ಹಾಳೆಯಲ್ಲಿ ಪೆನ್ಸಿಲಿನಿಂದ ಮಾಡಲಾಗದೇ ಎಂದು ಕೇಳಬಹುದು. ಧಾರಾಳವಾಗಿ ಮಾಡಬಹುದು, ಒಂದು ಸಲ ಹಾಗೆ ಮಾಡಿಯೇ ಕೋಡಿಗೆ ಕೈಹಾಕಿರೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಕೋಡಿನ ಗುಣ ವೇಗವೊಂದೇ ಅಲ್ಲ. ಇಂಚನ್ನು ಯಾವುದರಿಂದ ಗುಣಿಸಿದೆ, ಯಾವ ವರ್ಷವನ್ನು ಬಿಟ್ಟೆ, ಖಾಲಿಯನ್ನು ಏನೆಂದು ಹಿಡಿದೆ ಎಂಬ ಪ್ರತಿ ಹೆಜ್ಜೆಯೂ ಅದರಲ್ಲಿ ಸಾಲುಸಾಲಾಗಿ ಉಳಿಯುತ್ತದೆ. ಅಜ್ಜಿ ಕೇಳಿದ ಪ್ರಶ್ನೆಗೆ ಅದೇ ಸಂಜೆ ಉತ್ತರ ಸಿಕ್ಕಿದ್ದು ನನ್ನ ನೆನಪಿನಿಂದಲ್ಲ, ಆ ಸಾಲುಗಳಿಂದ. ಮೂಲ ಪುಸ್ತಕದ ಅಂಕಿಯನ್ನು ಮಾತ್ರ ಎಂದೂ ತಿದ್ದಬಾರದು, ತಿದ್ದುಪಡಿಯೆಲ್ಲ ಕೋಡಿನಲ್ಲಿರಬೇಕು.

ಈ ಸಾಧನಗಳಿಗೆ ಹಣ ಕೊಡಬೇಕಾಗಿಲ್ಲ. ಮ್ಯಾಟ್‌ಪ್ಲಾಟ್‌ಲಿಬ್ ತಂತ್ರಾಂಶವನ್ನು ಜಾನ್ ಹಂಟರ್ ಎಂಬ ನರವಿಜ್ಞಾನಿ ಮೆದುಳಿನ ವಿದ್ಯುತ್ ಸಂಕೇತಗಳನ್ನು ನೋಡಲೆಂದು ಬರೆದು, 2003ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟರು. ಅದು ಇಂದು ಮಲೆನಾಡಿನ ಹಳ್ಳದ ಲೆಕ್ಕಕ್ಕೂ ಒದಗುತ್ತಿದೆ.

ಮತ್ತೆ ಹಳ್ಳಕ್ಕೆ

ತಿದ್ದಿದ ಗ್ರಾಫ್ ಏನು ಹೇಳಿತು? ಖಾಲಿ ಪುಟಗಳ ವರ್ಷಗಳನ್ನು ಬಿಟ್ಟ ಮೇಲೆ ಮಳೆಯ ಗೆರೆಯ ಇಳಿಜಾರು ಬಹುಮಟ್ಟಿಗೆ ಮಾಯವಾಯಿತು. ವರ್ಷದಿಂದ ವರ್ಷಕ್ಕೆ ಏರಿಳಿತವಿದೆ, ಒಂದೇ ದಿಕ್ಕಿನ ಇಳಿಕೆಯಿಲ್ಲ. ಹಳ್ಳದ ಗೆರೆ ಮಾತ್ರ ಹಿಂದಿನಂತೆಯೇ ಇಳಿಯುತ್ತಿತ್ತು. ಚುಕ್ಕಿಗಳ ಗ್ರಾಫಿನಲ್ಲಿ ಈಚಿನ ವರ್ಷಗಳ ಚುಕ್ಕಿಗಳು ಹೆಚ್ಚಾಗಿ ಕೆಳಗೇ ಬಿದ್ದಿದ್ದವು. ಅಂದರೆ ಆಕಾಶ ಕೊಟ್ಟುದು ಸುಮಾರಾಗಿ ಅಷ್ಟೇ, ನೆಲ ಉಳಿಸಿಕೊಂಡುದು ಕಡಿಮೆ.

ಇಷ್ಟನ್ನು ಮಾತ್ರ ಈ ಎರಡು ಪುಸ್ತಕಗಳು ಹೇಳಬಲ್ಲವು. ಕಾರಣ ಬೋಳಾದ ಬೆಟ್ಟವೋ, ಅಕೇಶಿಯಾ ನೆಡುತೋಪೋ, ಗುಡ್ಡ ಕೊರೆದ ರಸ್ತೆಯೋ, ಕೊಳವೆಬಾವಿಗಳೋ, ಅದೇ ಮೊತ್ತದ ಮಳೆ ಕೆಲವೇ ದಿನಗಳಲ್ಲಿ ಸುರಿದು ಹರಿದುಹೋದುದೋ ಎಂಬುದನ್ನು ಅವು ಹೇಳುವುದಿಲ್ಲ. ಕೊನೆಯದನ್ನು ಅಜ್ಜಿಯ ದೈನಿಕ ಲೆಕ್ಕದಿಂದಲೇ ಪರೀಕ್ಷಿಸಬಹುದು. ಈ ಶಿಬಿರದ ವಿದ್ಯಾರ್ಥಿಗಳಿಗೆ ನಾನು ಕೊಡುತ್ತಿರುವ ಕೆಲಸ ಅದೇ. ಉಳಿದವುಗಳಿಗೆ ಮೂರನೆಯ, ನಾಲ್ಕನೆಯ ಪುಸ್ತಕಗಳು ಬೇಕು. ಎಲ್ಲಿ ಯಾವ ವರ್ಷ ಮರ ಕಡಿದರು, ಯಾವ ವರ್ಷ ಎಷ್ಟು ಅಡಿಗೆ ಕೊಳವೆಬಾವಿ ತೋಡಿದರು ಎಂಬುದನ್ನು ಯಾರೂ ಬರೆದಿಟ್ಟಿಲ್ಲ.

ತಪ್ಪನ್ನು ನಾನು ಮುಂದಿನ ಸಭೆಯಲ್ಲಿ ಹೇಳಿದೆ. ಬೆಟ್ಟದ ವಿಷಯ ಮತ್ತೆ ಚರ್ಚೆಗೆ ಬಂತು. ಅಷ್ಟರಲ್ಲಿ ಹಳ್ಳದ ಪಕ್ಕದಲ್ಲೇ ಎರಡು ಕೊಳವೆಬಾವಿಗಳನ್ನು ತೋಡಿ ಆಗಿತ್ತು. ಅವನ್ನು ತೋಡಿಸಿದವರು ನನ್ನ ಗ್ರಾಫನ್ನು ನಂಬಿದವರು. ಈ ಮಾತನ್ನು ಹೇಳದೆ ಬಿಟ್ಟರೆ ಇಂದಿನ ಉಪನ್ಯಾಸಕ್ಕೆ ಅರ್ಥವಿಲ್ಲ.

ನಾವು ಪರಿಸರದ ಪರವಾಗಿ ಮಾತನಾಡುವವರು. ನಮ್ಮ ಪರವಾದ ಗ್ರಾಫ್ ಕಂಡಾಗ ಅದನ್ನು ಪರೀಕ್ಷಿಸುವ ಮನಸ್ಸು ನಮಗೆ ಬರುವುದಿಲ್ಲ. ಆದರೆ 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು, 2024ರ ಜುಲೈ 16ರಂದು ಅಂಕೋಲಾದ ಶಿರೂರಿನ ಗುಡ್ಡ ಕುಸಿದ ಮೇಲೆ, ಮಳೆಯ ಲೆಕ್ಕ ಮತ್ತು ನೆಲದ ಲೆಕ್ಕಗಳನ್ನು ಜೊತೆಗಿಟ್ಟು ಮಾತನಾಡಬೇಕಾದ ಸಂದರ್ಭಗಳು ನಮಗೆ ಹೆಚ್ಚುತ್ತಿವೆ. ಅಂಥ ಕಡೆ ನಮ್ಮ ಒಂದು ಗ್ರಾಫ್ ಸುಳ್ಳೆಂದು ತೋರಿದರೆ ನಮ್ಮ ಹತ್ತು ನಿಜಗಳನ್ನು ಕೇಳುವವರಿರುವುದಿಲ್ಲ.

ಮನೆಯಲ್ಲಿ ಮಳೆಯ ಲೆಕ್ಕ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಮಳೆ ಬರದ ದಿನ ಸೊನ್ನೆ ಬರೆಯಿರಿ. ಅಳೆಯದ ದಿನ ಅಳೆಯಲಿಲ್ಲ ಎಂದು ಬರೆಯಿರಿ. ಅಳೆದ ಹೊತ್ತು ಮತ್ತು ಮಾನವನ್ನು ಪುಸ್ತಕದ ಮೊದಲ ಪುಟದಲ್ಲಿ ನಮೂದಿಸಿರಿ. ವಿದ್ಯಾರ್ಥಿಗಳಲ್ಲಿ ಇನ್ನೊಂದು ಕೋರಿಕೆ. ಗ್ರಾಫನ್ನು ಸಭೆಗೆ ತರುವ ಮೊದಲು ಅದರ ಅಂಕಿಗಳನ್ನು ಬರೆದವರ ಮನೆಗೆ ಒಯ್ದು ತೋರಿಸಿರಿ. ನಾನು ಸಭೆಗೆ ಮೊದಲು ಅಜ್ಜಿಯ ಜಗಲಿಯಲ್ಲಿ ಅರ್ಧ ಗಂಟೆ ಕುಳಿತಿದ್ದರೆ ಸಾಕಿತ್ತು.

ಆ ಅಜ್ಜಿ ಇಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಪ್ರಶ್ನೆಗಳಿಗೆ ಈಗ ಸಮಯವಿದೆ. ಮೊದಲನೆಯದನ್ನು ಅವರೇ ಕೇಳಲಿ.